ಬೀಜದ ಕೋಣೆಯ ಥಂಡಿ ಚಾಚಾ

ಅವರ ಬಲಗೈಯ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ವರ್ಷಗಟ್ಟಲೆ ಬಿಸಿ ಕೊಳವೆಗಳಿಗೆ ತಾಗಿಸಿ ತಾಗಿಸಿ ಅಲ್ಲಿಯ ಚರ್ಮ ಹುಣಸೆ ಬೀಜದಂತೆ ಕಂದಾಗಿ, ನುಣುಪಾಗಿ ಹೊಳೆಯುತ್ತಿತ್ತು. ಕೆಟ್ಟ ಯಂತ್ರದ ಹತ್ತಿರ ಬಂದರೆ ಮೊದಲು ಮುಂದಾಗುತ್ತಿದ್ದುದು ಆ ಕೈ. ಅಂಗೈಯಿಂದ ಯಾಕೆ ಮುಟ್ಟುವುದಿಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ಅಂಗೈ ದುಡದು ದುಡದು ದಡ್ಡ ಆಗೇತಿ ತಂಗಿ. ಅದಕ್ಕ ಸುಡೂದು, ಬೆಚ್ಚಗಿರೂದು ಎಲ್ಲಾ ಒಂದ," ಎಂದಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ರಾಣೆಬೆನ್ನೂರಿನ ಒಂದು ಸಣ್ಣ ಬೀಜದ ಗೋದಾಮಿನಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಮೇಡ್ಲೇರಿ, ಕುಪ್ಪೇಲೂರು ಕಡೆಯ ಹೊಲಗಳಲ್ಲಿ ಹೆಂಗಸರು ಬೆಳಗಿನ ತಂಪಿನಲ್ಲಿ ಟೊಮೆಟೊ, ಮೆಣಸಿನ ಹೂಗಳಿಗೆ ಒಂದೊಂದಾಗಿ ಪರಾಗ ಮುಟ್ಟಿಸಿ ಬೆಳೆಸಿದ ಬೀಜ ನಮ್ಮಲ್ಲಿಗೆ ಬರುತ್ತಿತ್ತು. ಮೊಳಕೆಯ ಪರೀಕ್ಷೆ ಮುಗಿಯುವವರೆಗೆ ಅದನ್ನು ತಂಪು ಕೋಣೆಯಲ್ಲಿಡಬೇಕು. ಬೀಜ ಸತ್ತರೆ ಆ ಹೆಂಗಸರು ಇಡೀ ಹಂಗಾಮು ಬಗ್ಗಿ ನಿಂತದ್ದೆಲ್ಲ ವ್ಯರ್ಥ. ಆ ಕೋಣೆಯ ಯಂತ್ರ ನೋಡಲು ಹಾವೇರಿಯಿಂದ ಬರುತ್ತಿದ್ದವರೇ ಇವರು. ಊರಿನವರಿಗೆಲ್ಲ ಥಂಡಿ ಚಾಚಾ.

ಬಂದವರು ಕೂಡಲೇ ಪಾನಾ, ಸ್ಕ್ರೂಡ್ರೈವರು ಹಿಡಿಯುತ್ತಿರಲಿಲ್ಲ. ಕಟ್ಟಡವನ್ನು ಒಂದು ಸುತ್ತು ಹಾಕಿ, ಎದುರು ಸಿಕ್ಕವರನ್ನು ಮಾತಾಡಿಸುತ್ತಿದ್ದರು. ನಿನ್ನೆ ಏನು ತೊಳೆದಿರಿ, ಇಲ್ಲಿ ಚೀಲ ಯಾರು ಒಟ್ಟಿದರು, ಪಕ್ಕದಲ್ಲಿ ಹೊಸ ಗೋಡೆ ಯಾವಾಗ ಎದ್ದಿತು. ಬೇಸಿಗೆಯಲ್ಲಿ ಯಂತ್ರದೊಳಗಿನ ಒತ್ತಡ ಏರಿ, ಅದು ತನ್ನಷ್ಟಕ್ಕೆ ನಿಂತುಬಿಡುವುದು ನಮ್ಮ ನಿತ್ಯದ ಗೋಳು. ಎಲ್ಲರೂ "ಗ್ಯಾಸ್ ಹಾಕ್ರಿ" ಎನ್ನುವವರೇ. ಚಾಚಾ ಅಲ್ಲವೆಂದು ತಲೆಯಾಡಿಸುತ್ತಿದ್ದರು.

"ಒಳಗಿನ ಬಿಸೀನ್ನ ಹೊತ್ತು ಹೊರಗ ಚೆಲ್ಲೂದ ಇದರ ಕೆಲಸ. ಚೆಲ್ಲಾಕ ಆಗವಲ್ದು ಅಂದ್ರ ಪ್ರೆಶರ್ ಏರತೈತಿ. ಯಾಕ ಆಗವಲ್ದು ಅಂತ ಕೇಳೂದು ಬಿಟ್ಟು, ಹೊಟ್ಟಿ ಉಬ್ಬಿದವಗ ಮತ್ತ ಉಣ್ಣಾಕ ಹಾಕಿದಂಗ ಗ್ಯಾಸ್ ಹಾಕತಾರ."

ಒಮ್ಮೆ ಬೀಜ ತೂರುವ ಯಂತ್ರದ ಹೊಟ್ಟು ಹಾರಿ ಹಾರಿ, ಬಿಸಿ ಹೊರಹಾಕುವ ಕಂಡೆನ್ಸರಿನ ಸಂದುಗಳಲ್ಲಿ ಕಂಬಳಿಯಂತೆ ಕೂತಿತ್ತು. ನನ್ನ ಕೈಗೆ ನೀರಿನ ಪೈಪು ಕೊಟ್ಟು, "ಒಳಗಿಂದ ಹೊರಗ ಹೊಡಿ, ಇಲ್ಲಂದ್ರ ಕಸ ಇನ್ನೂ ಒಳಗ ಹೋಗತೈತಿ" ಎಂದರು. ತೊಳೆದಾದ ಮೇಲೆ ನನ್ನ ಕೈಯ ಹಿಂಬದಿಯನ್ನೇ ಕೊಳವೆಗೆ ತಾಗಿಸಲು ಹೇಳಿದರು. ಮೇಲೆ ಚುರ್ ಎನ್ನುವ ಬಿಸಿ, ಕೆಳಗೆ ಬರಬರುತ್ತ ಉಗುರು ಬೆಚ್ಚಗೆ. ಯಂತ್ರ ಉಸಿರಾಡುವುದು ನನಗೆ ಮೊದಲ ಸಲ ತಿಳಿದದ್ದು ಅಂದು.

ಒಂದು ಏಪ್ರಿಲಿನಲ್ಲಿ ಚಾಚಾ ಹೆಂಡತಿಯ ಆಪರೇಶನ್ ಎಂದು ಹುಬ್ಬಳ್ಳಿಗೆ ಹೋಗಿದ್ದರು. ಅದೇ ವಾರ ನಮ್ಮ ಯಂತ್ರ ಬಂದ್ ಬಿತ್ತು. ಮಾಲೀಕರು ಊರಿನ ಇನ್ನೊಬ್ಬ ಮೆಕ್ಯಾನಿಕ್‌ನನ್ನು ಕರೆಸಿದರು. ಮದುವೆಯಾಗಿ ಇಬ್ಬರು ಮಕ್ಕಳಿದ್ದ, ಮಾತು ಕಡಿಮೆಯ ಮನುಷ್ಯ. ಅವನು ಗ್ಯಾಸ್ ಹಾಕಿ ಹೋದ. ಯಂತ್ರ ಮತ್ತೆ ನಿಂತಿತು. ಮತ್ತೆ ಬಂದು ಇನ್ನಷ್ಟು ಹಾಕಿದ, ಮತ್ತೆ ನಿಂತಿತು. ಮಾಲೀಕರು ಅವನ ತಲೆಯ ಮೇಲೆ ನಿಂತು, "ಏನರ ಮಾಡು, ನನಗ ಇದು ನಡೀಬೇಕು" ಎಂದರು. ಅವನು ಒತ್ತಡ ಮಿತಿಮೀರಿದಾಗ ಯಂತ್ರವನ್ನು ನಿಲ್ಲಿಸುವ ಸ್ವಿಚ್ಚಿಗೆ ಒಂದು ತುಂಡು ತಂತಿ ಅಡ್ಡ ಕಟ್ಟಿದ. ಇನ್ನು ಆ ಸ್ವಿಚ್ಚು ಯಂತ್ರವನ್ನು ತಡೆಯುವಂತಿರಲಿಲ್ಲ. ಯಂತ್ರ ನಡೆಯತೊಡಗಿತು. ಆದರೆ ಆ ಸದ್ದು ಬೇರೆ. ಹೇರು ಹೊತ್ತ ಎತ್ತು ಏರಿನಲ್ಲಿ ನರಳಿದಂತೆ.

ನಾನು ಹಾವೇರಿಯ ಚಾಚಾನ ಅಂಗಡಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ತಮ್ಮ. ಸದಾ ಅಂಗಡಿಯಲ್ಲೇ ಕೂತಿರುತ್ತಿದ್ದ ಅವರ ದನಿಯಷ್ಟೇ ನನಗೆ ಪರಿಚಯ. ತಂತಿ ಕಟ್ಟಿದ್ದು ಕೇಳಿ ಆ ಕಡೆ ಒಂದು ಗಳಿಗೆ ಸದ್ದಿರಲಿಲ್ಲ. ಆಮೇಲೆ ಆಸ್ಪತ್ರೆಯ ನಂಬರು ಕೊಟ್ಟು, "ಲಗೂ ಮಾಡ್ರಿ" ಎಂದರು. ಆಸ್ಪತ್ರೆಯವರು ಚಾಚಾನನ್ನು ಕರೆದುಕೊಟ್ಟರು.

"ತಂಗಿ, ಮೊದಲ ಮೇನ್ ಸ್ವಿಚ್ ತಗಿ."

"ಮಾಲೀಕರು ಬ್ಯಾಡ ಅಂದಾರ್ರಿ. ಒಳಗ ಬೀಜ ಐತಿ."

"ಬಾಗಿಲ ಮುಚ್ಚಿಡು, ಯಾರಿಗೂ ತಗೀಗೊಡಬ್ಯಾಡ. ಕ್ವಾಣಿ ದಪ್ಪ ಗ್ವಾಡೀದು, ನಾಳೀತನ ಬೀಜಕ್ಕ ಏನೂ ಆಗೂದಿಲ್ಲ. ಅದರ ಹತ್ರ ಮಂದಿ ಕುಂದರತಾರಲ್ಲ, ಅವರನ್ನ ಎಬ್ಬಿಸು."

ಕಂಡೆನ್ಸರಿನ ಪಕ್ಕದ ನೆರಳಿನಲ್ಲಿ ಬೀಜ ಆರಿಸುವ ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು. ಅವರನ್ನು ಎಬ್ಬಿಸಿ ಕಳಿಸಿ, ಮೇನ್ ಸ್ವಿಚ್ ಕೆಳಗೆಳೆದೆ. ಸದ್ದು ನಿಂತದ್ದಕ್ಕೇ ಮಾಲೀಕರು ಹೊರಬಂದರು. "ಯಾರನ್ನ ಕೇಳಿ ಬಂದ್ ಮಾಡೀದಿ? ನಾಳಿಂದ ಬರಬ್ಯಾಡ ನೀ," ಎಂದರು. ನಾನು ಸ್ವಿಚ್ಚಿನ ಮುಂದಿನಿಂದ ಸರಿಯಲಿಲ್ಲ. ಸಂಜೆ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಮನೆಗೇ ಒಯ್ದೆ.

ಮರುದಿನ ಬೆಳಿಗ್ಗೆ ಚಾಚಾ ಹುಬ್ಬಳ್ಳಿಯ ಬಸ್ಸಿನಿಂದ ನೇರ ಬಂದರು. ಆ ಮೆಕ್ಯಾನಿಕ್‌ನೂ ಇರಬೇಕೆಂದು ಹೇಳಿ ಕಳಿಸಿದ್ದರು. ಅವನು ತಲೆ ತಗ್ಗಿಸಿ ಬಂದು ಗೋಡೆಗೊರಗಿ ನಿಂತ. ಚಾಚಾ ತಂತಿ ಕಿತ್ತು ಕಿಸೆಗೆ ಹಾಕಿಕೊಂಡರು. ಅವನ ಕೈಗೇ ಒತ್ತಡ ಅಳೆಯುವ ಗೇಜು ಕೊಟ್ಟು, "ಬಾ ಇಲ್ಲೆ, ಕೂಡೇ ನೋಡೂಣು" ಎಂದರು.

ಅವರು ನೋಡಿದ್ದು ಹೀಗೆ. ಗೇಜಿನ ಮುಖದಲ್ಲಿ ಒತ್ತಡದ ಅಂಕಿಗಳ ಒಳಗಡೆ ಉಷ್ಣತೆಯ ಅಂಕಿಗಳ ಇನ್ನೊಂದು ಸುತ್ತು ಇರುತ್ತದೆ. ಯಂತ್ರ ನಿಂತು, ಕಂಡೆನ್ಸರು ಪೂರ್ತಿ ಆರಿದ ಮೇಲೆ, ಮುಳ್ಳು ಹೊರಗಿನ ಗಾಳಿಯ ಉಷ್ಣತೆಯ ಹತ್ತಿರವೇ ನಿಲ್ಲಬೇಕು. ನಮ್ಮದು ಅದಕ್ಕಿಂತ ಬಹಳ ಮೇಲೆ ನಿಂತಿತ್ತು. ಗ್ಯಾಸ್ ತುಂಬುವಾಗ ಪೈಪಿನೊಳಗಿನ ಗಾಳಿಯನ್ನು ಮೊದಲು ಹೊರಬಿಡದೆ, ಅದೂ ಒಳಗೆ ಸೇರಿತ್ತು. ಗಾಳಿ ಗ್ಯಾಸಿನಂತೆ ತಣಿದು ದ್ರವವಾಗುವುದಿಲ್ಲ. ಕಂಡೆನ್ಸರಿನಲ್ಲೇ ಜಾಗ ಹಿಡಿದು ಕೂತುಬಿಡುತ್ತದೆ. ಮೆಕ್ಯಾನಿಕ್ ಅದನ್ನು ತಾನೇ ಓದಿ, ತಾನೇ ಹೇಳಿದ. "ಗಾಳಿ ಹೊಕ್ಕೈತ್ರಿ ಚಾಚಾ. ನನ್ನ ಕೈಯಾಗಿಂದ ಆಗೇತಿ."

"ಹೌದು. ಮೊದಲ ನಿಂತಿದ್ದು ಹೊಟ್ಟು ಕಟ್ಟಿ, ಆಮ್ಯಾಲೆ ಗಾಳಿ ಹೊಕ್ಕು. ಈಗ ಕಸ ತೊಳದು, ಇದ್ದ ಗ್ಯಾಸೆಲ್ಲಾ ತಗದು, ವ್ಯಾಕ್ಯೂಮ್ ಹಿಡದು ಗಾಳಿ ಎಳದು, ಹೊಸಾ ಗ್ಯಾಸ್ ತೂಕ ಮಾಡಿ ಹಾಕೂಣು."

ಇಬ್ಬರೂ ಮಧ್ಯಾಹ್ನದವರೆಗೆ ಜೊತೆಯಾಗಿ ಕೆಲಸ ಮಾಡಿದರು. ಅವನು ಹೋದ ಮೇಲೆ, ಅವನಿಗೆ ಒಂದು ಮಾತೂ ಬೈಯಲಿಲ್ಲವಲ್ಲ ಎಂದು ನಾನು ಕೇಳಿದೆ.

"ಮಂದಿ ಮುಂದ ಬೈದರ ತಪ್ಪು ಮುಚ್ಚಾಕ ಕಲೀತಾನ. ಮುಚ್ಚಿದ ತಪ್ಪು ನಾಳೆ ಇನ್ನೊಬ್ಬರ ಮಷೀನಿನ್ಯಾಗ ಇರತೈತಿ," ಎಂದರು. ಕಿಸೆಯಿಂದ ಆ ತಂತಿ ತೆಗೆದು ಮುಂದುವರಿಸಿದರು. "ಬ್ಯಾಡಗಿಯೊಳಗ ಒಂದು ಐಸ್ ಫ್ಯಾಕ್ಟರಿ ಇತ್ತು. ಅಲ್ಲೆ ಇಂಥದ ತಂತಿ ನಾನ ಕಟ್ಟಿದ್ದೆ. ಮಾಲೀಕ ಹೇಳಿದ, ಕಟ್ಟಿದೆ. ನನ್ನ ತಮ್ಮ ಬಾಜೂಕ ನಿಂತಿದ್ದ. ಪೈಪ್ ಬಿಚ್ಚಿ ಗ್ಯಾಸ್ ಅವನ ಮಾರಿಗೆ ಹೊಡೀತು. ಎರಡೂ ಕಣ್ಣು ಹೋದವು. ಅವ ಇವತ್ತಿನತನಕ ನನಗೊಂದು ಮಾತು ಅಂದಿಲ್ಲ."

ಫೋನಿನ ಆ ಕಡೆಯ ಮೌನ ನನಗೆ ಆಗ ಅರ್ಥವಾಯಿತು.

ಸಂಜೆ ಕೋಣೆ ಮತ್ತೆ ತಂಪಾಗಿತ್ತು. ಮಾಲೀಕರು ಮಾತ್ರ ತಮ್ಮ ಮಾತು ಹಿಂದೆಗೆದುಕೊಳ್ಳಲಿಲ್ಲ. ಚಾಚಾ ಕೈ ಒರೆಸಿಕೊಳ್ಳುತ್ತ ಅವರಿಗೆ ಹೇಳಿದರು. "ನಿಮಗ ಬ್ಯಾಡಾದರ ಬಿಡ್ರಿ. ನನಗ ಇಂಥವರೊಬ್ರು ಬೇಕಾಗ್ಯಾರ." ನಂತರ ನನ್ನ ಕಡೆ ತಿರುಗಿ, "ಮನ್ಯಾಗ ಕೇಳಿಕೊಂಡು ಬಾ," ಎಂದರು. ಆ ವರ್ಷದ ಬೀಜ ಚೆನ್ನಾಗಿಯೇ ಮೊಳೆಯಿತು ಎಂದು ಮೇಡ್ಲೇರಿಯ ಹೆಂಗಸೊಬ್ಬಳು ಸಂತೆಯಲ್ಲಿ ಸಿಕ್ಕಾಗ ಹೇಳಿದಳು. ಅಷ್ಟರಲ್ಲಿ ನಾನು ಹಾವೇರಿಯ ಅಂಗಡಿಯಲ್ಲಿ ತಾಮ್ರದ ಕೊಳವೆ ಬೆಸೆಯುವುದನ್ನು ಕಲಿಯುತ್ತಿದ್ದೆ.

ಹೆಂಗಸು ಮೆಕ್ಯಾನಿಕ್ ಎಂದರೆ ಜನ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಚಾಚಾ ಅವರಿಗೆ ಏನನ್ನೂ ವಿವರಿಸುತ್ತಿರಲಿಲ್ಲ, ನನಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಗೋದಾಮುಗಳಲ್ಲಿ ಇಬ್ಬರೂ ಸೀನುತ್ತ, ಕಣ್ಣು ಒರೆಸಿಕೊಳ್ಳುತ್ತ ಎಷ್ಟೋ ಬೇಸಿಗೆ ಕಳೆದೆವು. ನಾನು ಅವಸರ ಮಾಡಿದರೆ, "ಕುಂದ್ರು. ಮುಳ್ಳು ಇನ್ನೂ ಮಾತಾಡಾಕತ್ತೈತಿ" ಎನ್ನುತ್ತಿದ್ದರು.

ಒಂದು ಮಳೆಗಾಲದ ಬೆಳಿಗ್ಗೆ ಚಾಚಾ ಎದೆನೋವೆಂದು ಮಲಗಿದವರು ಏಳಲಿಲ್ಲ. ನಾನು ಹೋದಾಗ ಮನೆ ತುಂಬ ಜನ. ಒಳಗೆ ಚಾಚಾನ ಹೆಂಡತಿ, ಚಾಚಿಯ ಪಕ್ಕ ಕೂತೆ. ಅಷ್ಟರಲ್ಲಿ ರಾಣೆಬೆನ್ನೂರಿನ ಹಾಲಿನ ಕೇಂದ್ರದಿಂದ ಫೋನ್ ಬಂತು. ಒತ್ತಡ ಏರಿ ಯಂತ್ರ ನಿಂತಿದೆ, ಬೆಳಗಿನ ಹಾಲೆಲ್ಲ ಒಳಗಿದೆ ಎಂದರು. ಸುದ್ದಿ ಅವರಿಗೆ ಇನ್ನೂ ಮುಟ್ಟಿರಲಿಲ್ಲ. ಇವತ್ತು ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಚಾಚಾನ ತಮ್ಮ ಗೋಡೆ ಹಿಡಿದು ಬಂದು ನನ್ನ ಭುಜ ಮುಟ್ಟಿದರು.

"ನೀ ಹೋಗವ್ವಾ. ಇಲ್ಲೆ ಮಂದಿ ಅದಾರ. ಅಲ್ಲೆ ಯಾರಿಲ್ಲ."

ಚಾಚಾನನ್ನು ಮಣ್ಣಿಗಿಡುವ ಹೊತ್ತಿನಲ್ಲಿ ನಾನು ಹಾಲಿನ ಕೇಂದ್ರದ ಹಿಂದೆ ಸುಟ್ಟ ಫ್ಯಾನ್ ಮೋಟಾರು ಬದಲಿಸುತ್ತಿದ್ದೆ. ಕೆಲಸ ನಿಲ್ಲಿಸಲಿಲ್ಲ. ಮೂಗು ಸೋರುತ್ತಿತ್ತು, ತೋಳಿಗೆ ಒರೆಸಿಕೊಳ್ಳುತ್ತಿದ್ದೆ.

ಸಂಜೆ ಹಾವೇರಿಗೆ ಮರಳಿದೆ. ಬಂದವರೆಲ್ಲ ಚದುರಿದ್ದರು. ಚಾಚಿ ಗೋಡೆಗೊರಗಿ ಕೂತಿದ್ದರು. ನನ್ನ ಎಣ್ಣೆಗೈ ನೋಡಿ ಕೇಳಿದರು.

"ಚಾಲೂ ಆತೇನು?"

"ಆತ್ರಿ ಚಾಚಿ."

"ಹಂಗಾದರ ಕೈ ತೊಳಕೊಂಡು ಬಾ. ಉಣ್ಣು," ಎಂದರು.