ಬೀಗತಿಯ ಎದುರು ತೆರೆಯದ ಬಾಯಿ

ಬಾಯಿಯ ಕ್ಯಾನ್ಸರ್ ಬೆಳೆಯುವ ಮೊದಲೇ ಉಗುಳಿನಲ್ಲಿ ಅದರ ಗುರುತು ಸಿಗುತ್ತದೆಯೇ ಎಂದು ನೋಡುವ ಡಾಕ್ಟರುಗಳು ರಾಯಚೂರಿನಿಂದ ನಮ್ಮ ಗಬ್ಬೂರಿಗೆ ಬಂದಿದ್ದರು. ತಂಬಾಕು ತಿನ್ನುವವರೂ ಬೇಕು, ತಿನ್ನದವರೂ ಬೇಕು, ಮನಸ್ಸಿದ್ದವರು ಉಗುಳು ಕೊಡಿ ಎಂದರು. ನಾನು ತಿನ್ನುವವಳು, ಹೋದೆ. ಮೈದುನನ ಹೆಂಡತಿಯನ್ನೂ ಎಬ್ಬಿಸಿಕೊಂಡು ಹೋದೆ. ಅವಳು ಯುಗಾದಿಯಿಂದ ಖಾರ ಬಿಟ್ಟು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ಕೇಳಿದರೆ ಹಲ್ಲುನೋವು ಎನ್ನುತ್ತಿದ್ದಳು. ನಾನು ನಂಬಿರಲಿಲ್ಲ.

ಅವತ್ತೇ ಮಾನ್ವಿ ಕಡೆಯ ಬಾಗಲವಾಡದಿಂದ ಅವಳ ಬೀಗತಿ, ಅಂದರೆ ಸೊಸೆಯ ತಾಯಿ, ಬಂದಿದ್ದಳು. ಅವಳೂ ನಮ್ಮ ಜೊತೆ ಬಂದು ಪಕ್ಕದಲ್ಲೇ ಕೂತಳು. ಮದುವೆ ಮಾತುಕತೆಯ ದಿನ ಇದೇ ಬೀಗತಿಯ ಕರೆಗಟ್ಟಿದ ಹಲ್ಲು ನೋಡಿ ನಮ್ಮವಳು, "ನಾ ಅಂತೂ ತಂಬಾಕ ಮುಟ್ಟಿದಾಕಿ ಅಲ್ರಿ" ಎಂದು ಕೊಚ್ಚಿಕೊಂಡಿದ್ದಳು.

ಡಾಕ್ಟರ್ ಹುಡುಗಿ ಕೇಳಿದಳು: "ತಂಬಾಕು ತಿಂತೀರಾ ಅಮ್ಮಾ?"

"ಇಲ್ಲ ಯವ್ವಾ. ಅದರ ವಾಸನಿ ಬಂದ್ರ ತಲಿ ತಿರುಗ್ತದ."

ನನಗೆ ತಡೆಯಲಾಗಲಿಲ್ಲ. "ಏನ್ ಸುಳ್ಳು ಹೇಳ್ತಿ ಬೇ? ಸೊಂಟದಾಗ ಚೀಲ ಅದ, ತೆಗಿ. ಇವರ ಪರೀಕ್ಷಾನೂ ಕೆಡಿಸಬ್ಯಾಡ, ನೀನೂ ಕೆಡಬ್ಯಾಡ. ಬಾಯಿ ತೆರದು ತೋರಸು."

ಬೀಗತಿ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. "ಅಯ್ಯ ಬೀಗರ, ಹಂಗಾರ ನನಗೂ ಒಂದ್ ಚೂರು ಕೊಡ್ರಿ!"

ನಮ್ಮವಳು ಎದ್ದಳು. "ಮಂದಿ ಮುಂದ ನನ್ನ ಮಾನ ಕಳದಿ ಅಕ್ಕಾ" ಎಂದು ಹೊರಟೇ ಹೋದಳು. ಬಾಯಿ ತೆರೆಯಲಿಲ್ಲ.

ನಾನು ಉಗುಳು ಕೊಟ್ಟೆ. ಅದರಲ್ಲಿ ಏನು ಸಿಕ್ಕಿತೆಂದು ನಮಗೆ ತಿಳಿಸುವುದಿಲ್ಲವಂತೆ, ಪರೀಕ್ಷೆ ಇನ್ನೂ ಕಲಿಯುವ ಹಂತದಲ್ಲಿದೆಯಂತೆ. ಆಗಲಿ. ಆದರೆ ನಮ್ಮವಳು ಖಾರ ಬಿಟ್ಟ ವಿಷಯ ಹೇಳಿದಾಗ ಡಾಕ್ಟರ್ ಹುಡುಗಿಯ ಮುಖ ಸಪ್ಪಗಾಯಿತು. "ಉಗುಳು ಕೊಡದಿದ್ದರೂ ಪರವಾಗಿಲ್ಲ, ಬೇಗ ರಾಯಚೂರಿಗೆ ಕರ್ಕೊಂಡು ಬನ್ನಿ" ಎಂದಳು.

ಮನೆಗೆ ಹೋಗಿ ಕರೆದರೆ ನಮ್ಮವಳು ಒಳಗಿನಿಂದ ಅಗಳಿ ಹಾಕಿಕೊಂಡಳು. ಕಡೆಗೆ ಬಾಗಿಲು ತೆರೆಸಿದವಳು ಬೀಗತಿ. "ಮೊದಲ ನನ್ನ ಬಾಯಿ ನೋಡ್ರಿ, ಹೊಲಸು ಗಟಾರದಂಗದ. ಆಮ್ಯಾಲ ನಿಮ್ದು ತೋರಸ್ರಿ. ಇಬ್ಬರೂ ಕೂಡೇ ಹೋಗಮು" ಎಂದಳಂತೆ. ಬೆಳಗಿನ ಬಸ್ಸಿಗೆ ಇಬ್ಬರೂ ಹೋದರು. ನನ್ನನ್ನು ಬಾ ಎನ್ನಲಿಲ್ಲ.

ನಮ್ಮವಳ ಕೆನ್ನೆಯ ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆಂದು ನನಗೆ ಹೇಳಿದವಳೂ ಬೀಗತಿಯೇ. ಇನ್ನೂ ಏನೂ ತಿಳಿದಿಲ್ಲ. ನನ್ನ ಮನೆಗೂ ನಮ್ಮವಳ ಮನೆಗೂ ನಡುವೆ ಒಂದೇ ಗೋಡೆ. ಆಚೆ ಸೊಸೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಅತ್ತೆಯ ತಾಟಿಗೆ ಇವತ್ತೂ ಹಾಲೇ ಹಾಕಿದಳೋ ಏನೋ, ಅದು ಕೇಳುವುದಿಲ್ಲ.