ವಲೇರೊದ ಒಲೆಮಣ್ಣು

ನನ್ನಜ್ಜಿ ಎದುವಿಹೆಸ್ ಸಾಯುವ ತನಕ ಊರಂಚಿನ ಹಳೆಯ ಇಗರ್ಜಿಯ ಆವರಣವನ್ನು ವಲೇರೊ ಎಂದೇ ಕರೆದಳು. ಊರೆಲ್ಲ ಅಲಾಮೊ ಎನ್ನುತ್ತಿತ್ತು. ಪಾದ್ರಿಗಳ ಕಾಲದಲ್ಲಿ ಅವಳಪ್ಪ ಸುಣ್ಣಕಲ್ಲು ಹೊತ್ತು ಇಗರ್ಜಿಯ ಗೋಡೆ ಎಬ್ಬಿಸಿದ್ದ. ಚಾವಣಿ ಒಮ್ಮೆ ಕುಸಿದದ್ದು ಮತ್ತೆ ಏಳಲೇ ಇಲ್ಲ. ಪಾದ್ರಿಗಳು ಹೋದರು, ಸಿಪಾಯಿಗಳು ಬಂದರು. ಅಂಗಳದ ಸುತ್ತ ನಮ್ಮವರಿದ್ದ ಕೋಣೆಗಳು ಒಂದೊಂದಾಗಿ ಅವರ ಪಾಲಾದವು. ಇದು ಇಗರ್ಜಿಯೋ ಕೋಟೆಯೋ? ಅಜ್ಜಿ ಬಾಗಿಲ ಮುಂದೆ ಹಾಯುವಾಗ ಶಿಲುಬೆ ಗುರುತನ್ನೂ ಹಾಕಿಕೊಳ್ಳುತ್ತಿದ್ದಳು, ಕಾವಲಿನವನನ್ನೂ ಬೈಯುತ್ತಿದ್ದಳು. ಯಾವುದಾದರೊಂದು ಸರಿಹೋಗಲಿ ಅಂತ.

ನಮ್ಮಲ್ಲಿ ಹೆಣ್ಣುಮಗುವಿನ ಹೊಕ್ಕುಳಬಳ್ಳಿಯನ್ನು ಮನೆಯ ಒಲೆಯ ಕೆಳಗೆ ಹೂಳುತ್ತಾರೆ. ಎಲ್ಲಿ ಅಲೆದರೂ ಅವಳು ಅಲ್ಲಿಗೇ ಮರಳಬೇಕು. ಅಜ್ಜಿಯದೂ ನನ್ನಮ್ಮನದೂ ವಲೇರೊದ ಪಡುವಣ ಸಾಲಿನ ಕೋಣೆಯಲ್ಲಿದ್ದವು. ನಾನು ಹುಟ್ಟಿದ ವಾರವೇ ಅಮ್ಮ ಜ್ವರದಿಂದ ತೀರಿಕೊಂಡಳು. ಯುದ್ಧದ ಗುಲ್ಲು ಎದ್ದಿದ್ದ ಕಾಲ. ನನ್ನ ಬಳ್ಳಿಯನ್ನಾದರೂ ಅಮ್ಮನದರ ಜೊತೆ ಸೇರಿಸಬೇಕೆಂದು ಅಜ್ಜಿ ಅದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟಳು.

"ಗಂಟಿನಲ್ಲೇನಜ್ಜಿ?" ಬಾಗಿಲಲ್ಲಿ ಹವಾಲ್ದಾರ ತಡೆದ.

"ಮೊಮ್ಮಗಳ ಹೊಕ್ಕುಳಬಳ್ಳಿ. ನಮ್ಮ ಒಲೆ ಎಲ್ಲಿ, ತೋರ್ಸು."

ಅವನೂ ತಾಯಿ ಹೆತ್ತ ಮಗನೇ, ಒಳಗೆ ಬಿಟ್ಟ. ಒಳಗೆ ಹೋದರೆ ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ಬಾಗಿಲಿದ್ದಲ್ಲಿ ಗೋಡೆ, ಗೋಡೆಯಿದ್ದಲ್ಲಿ ಕಂಡಿ.

"ಇಲ್ಲಿತ್ತು. ಅಲ್ಲ, ಆಚೇದು. ಅಯ್ಯೋ ನಿಮ್ಮ, ಬಾಗಿಲನ್ನೂ ವರ್ಗ ಮಾಡ್ತೀರೇನ್ರೋ?"

ಕೊನೆಗೆ ಕೋಣೆಯೇನೋ ಸಿಕ್ಕಿತು. ನೆಲದ ತುಂಬ ಗುಂಡಿ. ಹವಾಲ್ದಾರ ತಲೆ ಕೆರೆದುಕೊಂಡ.

"ಮಣ್ಣು ಇಗರ್ಜಿಯೊಳಕ್ಕೆ ಹೋಯ್ತಜ್ಜಿ. ತೋಪು ಏರ್ಸೋಕೆ ದಿಬ್ಬ ಹಾಕ್ತಿದೀವಿ."

"ಹಂಗಾದ್ರೆ ನನ್ ಮಗಳೆಲ್ಲಿ?"

ಅವನು ಅವಳನ್ನು ಇಗರ್ಜಿಯೊಳಕ್ಕೆ ಕರೆದೊಯ್ದ.

ಬಲಿಪೀಠದ ಕಡೆಗೆ ಏರಿದ್ದ ದಿಬ್ಬದಲ್ಲಿ ಅಜ್ಜಿ ಬೂದಿ ಬೆರೆತ ಕರಿಮಣ್ಣು ಹುಡುಕಿದಳು. ಅದೂ ಒಂದೇ ಕಡೆ ಇರಲಿಲ್ಲ. ಎಲ್ಲರ ಮನೆಯ ಒಲೆಗಳೂ ಅಲ್ಲಿಗೇ ಬಂದುಬಿದ್ದಿದ್ದವು. ಒಂದು ಹಿಡಿ ಎತ್ತಿ ಮೂಸಿದಳು, ಚೆಲ್ಲಿ ಇನ್ನೊಂದು ಕಡೆ ಹೋದಳು. ಬುಟ್ಟಿ ಹೊತ್ತ ಸಿಪಾಯಿಗಳು ಕಾದು ನಿಂತರು. ಕಡೆಗೆ ಒಂದು ಕಡೆ ಕೈಯಲ್ಲೇ ತೋಡಿ ನನ್ನದನ್ನು ಹೂತಳು. ಇದು ಶವಸಂಸ್ಕಾರವೋ ಬೇರೇನೋ ಗೊತ್ತಾಗದೆ ಹವಾಲ್ದಾರ ಯಾವುದಕ್ಕೂ ಇರಲಿ ಎಂದು ಟೋಪಿ ತೆಗೆದ.

ಆಮೇಲೆ ಯುದ್ಧವಾಗಿ ಕೋಟೆ ಬಿತ್ತು. ಸತ್ತವರ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನನ್ನಿಂದ ಬೇಡ. ನಾನು ದೊಡ್ಡವಳಾಗುವಷ್ಟರಲ್ಲಿ ಬೇರೆ ಭಾಷೆಯ ಸೈನ್ಯ ಬಂದು ಇಗರ್ಜಿಯನ್ನು ಉಗ್ರಾಣ ಮಾಡಿಕೊಂಡಿತು. ದಿಬ್ಬದ ಮಣ್ಣನ್ನು ಗಾಡಿಯಲ್ಲಿ ತುಂಬಿ ಊರ ರಸ್ತೆಗಳ ಗುಂಡಿಗಳಿಗೆ ಸುರಿದರು.

ಅಂದಿನಿಂದ ಅಜ್ಜಿ ಬೀದಿಗಿಳಿದರೆ ಚಪ್ಪಲಿ ಕೈಯಲ್ಲಿ. ನನಗೋ ನಾಚಿಕೆ.

"ಹಾಕ್ಕೊಳ್ಳಜ್ಜಿ, ಜನ ನಗ್ತಾರೆ."

"ನಗ್ಲಿ. ಯಾವ ಗುಂಡೀಲಿ ನಿಮ್ಮಮ್ಮ ಇದಾಳೋ, ಗೊತ್ತೇನೇ ನಿಂಗೆ?"

ನನಗೆ ಗೊತ್ತಿರಲಿಲ್ಲ. ನಾನೂ ಚಪ್ಪಲಿ ಬಿಚ್ಚಿದೆ.