ಮೂರನೆಯ ಕೂಗು

ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮೂರನೆಯ ಕೂಗನ್ನು ಕತ್ತರಿಸಿ ಎಸೆದವನು ನಾನೇ. ವಿಡಿಯೊ ಉದ್ದವಾಯಿತೆಂದು.

ಮೊನ್ನೆ ಯಾರದೋ ಮದುವೆಯ ವಿಡಿಯೊ ತುಂಬಲು ಕಂಪ್ಯೂಟರಿನಲ್ಲಿ ಜಾಗ ಸಾಲದೆ ಹಳೆಯ ಫೈಲುಗಳನ್ನು ಅಳಿಸುತ್ತ ಕೂತಿದ್ದೆ. ಒಂದು ಧ್ವನಿಯ ಫೈಲು ಸಿಕ್ಕಿತು. ತೆರೆದರೆ ಪರದೆಯ ಮೇಲೆ ಧ್ವನಿಯ ಎರಡು ದಿಬ್ಬ, ಆಮೇಲೆ ಬರೀ ಸಪಾಟು ಗೆರೆ… ಪಕ್ಕದ ಮನೆಯ ಕಾಕಾನ ಗಂಟಲು ಅದು.

ಕಾಕಾ ಇಳಕಲ್ಲಿನ ಕೆಂಪು ಕಲ್ಲಿನ ಕ್ವಾರಿಗಳಲ್ಲಿ ಬಂಡೆ ಸಿಡಿಸುವ ಮದ್ದಿಗೆ ಬತ್ತಿ ಹಚ್ಚುತ್ತಿದ್ದವನು. ಹಚ್ಚುವ ಮುಂಚೆ ಮೂರು ಸಲ ಕೂಗಬೇಕು: "ಬತ್ತಿ ಐತ್ರ್ಯೋ… ದೂರ ಸರೀರ್ಯೋ!" ನಾನು ಓಣಿಯಲ್ಲಿ ಯಾರನ್ನೂ ಬಿಟ್ಟವನಲ್ಲ. ಮಾಸ್ತರರ ಕೆಮ್ಮು, ಕಂಡಕ್ಟರನ ಸೀಟಿ, ಕನ್ಯೆ ನೋಡಲು ಹೋದಾಗ ನಾನೇ ತೊದಲಿದ ತೊದಲು, ಎಲ್ಲವನ್ನೂ ಅಣಕಿಸುತ್ತಿದ್ದೆ. ಕಾಕಾನ ಕೂಗು ಮಾತ್ರ ಎಷ್ಟು ಹೊಂದಿತ್ತೆಂದರೆ, ಕ್ವಾರಿಯ ಹಳೆಯ ಆಳುಗಳು ಚಹದಂಗಡಿಯಲ್ಲಿ ಅದನ್ನು ಕೇಳಿ ತಲೆ ಬಗ್ಗಿಸಿದ್ದುಂಟು.

ಆಗ ನನಗೆ ಕಂಪ್ಯೂಟರಿನಲ್ಲಿ ಸ್ಫೋಟದ ದೃಶ್ಯ ಕಟ್ಟುವ ಹುಚ್ಚು ಹತ್ತಿತ್ತು. ಊರಾಚೆಯ ಪಾಳು ಕ್ವಾರಿಯನ್ನು ಮೊಬೈಲಿನಲ್ಲಿ ಹಿಡಿದು ತಂದೆ. ಅದರ ಮೇಲೆ ಒಂದು ಪದರ ಬೆಂಕಿ, ಒಂದು ಪದರ ಹೊಗೆ, ಕ್ಯಾಮೆರಾಕ್ಕೊಂದಿಷ್ಟು ನಡುಕ. ಮೊದಲಿಗೆ ನನ್ನ ಬಾಯಲ್ಲಿ ಕಾಕಾನ ಕೂಗು. ಎಲ್ಲ ಸೇರಿಸಿ ಹೆಮ್ಮೆಯಿಂದ ಅವನಿಗೇ ತೋರಿಸಿದೆ.

"ಇದೇನಲೇ, ದೀಪಾವಳಿ ಪಟಾಕಿ?" ಎಂದ. "ಕಲ್ಲಿನಾಗ ಇಷ್ಟು ಬೆಂಕಿ ಎಲ್ಲಿ ಕಾಣತೈತಿ? ಮೊದ್ಲ ನೆಲ ಏಳತೈತಿ, ಹಂಚಿನ ಮ್ಯಾಲ ರೊಟ್ಟಿ ಉಬ್ಬಿದಂಗ. ಸಪ್ಪಳ ಆಮ್ಯಾಲ. ಕಲ್ಲು ಬೀಳೂದು ಎಲ್ಲಾದರ ಹಿಂದ."

ಬೆಂಕಿ ತೆಗೆದೆ. ನೆಲ ಉಬ್ಬಿಸಿದೆ. ಸದ್ದನ್ನು ಒಂದು ಉಸಿರಿನಷ್ಟು ತಡವಾಗಿಸಿದೆ, ಹೊಗೆಗೆ ಕೆಂಪು ಧೂಳಿನ ಬಣ್ಣ ಕೊಟ್ಟೆ. ದಿನಾ ಬಂದು ಪಕ್ಕದಲ್ಲೇ ಕೂತು ತಿದ್ದಿಸಿದ. ಕೊನೆಗೊಂದು ಮಧ್ಯಾಹ್ನ ಪೂರ್ತಿ ಓಡಿಸಿದಾಗ, ಪರದೆಯಲ್ಲಿ ನೆಲ ಎದ್ದದ್ದೇ ತಡ, ಕಾಕಾ ನನ್ನ ಕುತ್ತಿಗೆ ಹಿಡಿದು ಮೇಜಿನ ಕೆಳಗೆ ಅದುಮಿದ. ನಾನು ನಕ್ಕೆ. ಅವನು ನಗಲಿಲ್ಲ.

"ಎಷ್ಟ ಸಲ ಕೂಗೀದಿ ಅದರಾಗ?"

"ಎರಡು. ಉದ್ದ ಆತಂತ ಒಂದು ತಗದೇನಿ, ಕಾಕಾ."

ಕುತ್ತಿಗೆಯ ಮೇಲಿನ ಕೈ ತೆಗೆದ. "ಅವತ್ತೂ ಎರಡ. ಊಟದ ಹೊತ್ತು, ಗಡಿಬಿಡಿ ನಂದು. ನನ್ನ ತಮ್ಮ ಮೂರನೇ ಕೂಗಿಗೆ ಏಳೂಣಂತ ಬಂಡಿ ನೆರಳಾಗ ಕುಂತಿದ್ದ."

ಮೂರನೆಯದನ್ನು ತಾನೇ ಹಾಕುತ್ತೇನೆ ಎಂದ. ಮೈಕಿನ ಮುಂದೆ ಕೂರಿಸಿದೆ. ಒಂದು ಕೂಗಿದ. ಎರಡು ಕೂಗಿದ. ಮೂರನೆಯದಕ್ಕೆ ಬಾಯಿ ತೆರೆದ, ಕೂಗು ಹೊರಡಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ… ಕಲ್ಲಿನ ಧೂಳು ಕುಡಿದ ಎದೆ, ಆ ಚಳಿಗಾಲ ದಾಟಲಿಲ್ಲ.

ಮೊನ್ನೆ ಆ ಸಪಾಟು ಗೆರೆ ನೋಡುತ್ತ ಕೂತಾಗ ನನಗೊಂದು ಪುಣ್ಯದ ಕೆಲಸ ಹೊಳೆಯಿತು. ಆ ಕೂಗು ಇನ್ನು ಇದ್ದರೆ ನನ್ನ ಬಾಯಲ್ಲೇ ತಾನೇ ಇರುವುದು? ಮೈಕು ಹಚ್ಚಿದೆ, ಕಣ್ಣು ಮುಚ್ಚಿದೆ, ಕೂಗಿದೆ. ಕೊನೆಯ ಉಸಿರಿನ ಸೀಳು ಕೂಡ ಅವನದೇ. ನನ್ನ ಮೈಯೇ ಜುಮ್ಮೆಂದಿತು.

ಗೋಡೆಯಾಚೆ ಕಾಕೂನ ಮಗ್ಗ ಗಕ್ಕನೆ ನಿಂತಿತು. ಬೆರಳಿಗೆ ಸುತ್ತಿದ್ದ ರೇಷ್ಮೆ ಎಳೆಯ ಸಮೇತ ಬಾಗಿಲಿಗೆ ಬಂದಳು, ಗಂಡನ ದನಿ ಹುಡುಕಿಕೊಂಡು. ನನ್ನನ್ನು ನೋಡಿದಳು. ಪರದೆಯ ಮೇಲೆ ಹೊಸದಾಗಿ ಎದ್ದಿದ್ದ ಮೂರನೆಯ ದಿಬ್ಬವನ್ನು ನೋಡಿದಳು.

"ಥೇಟ್ ಕಾಕಾನ ಅಲ್ಲೇನ್ರಿ, ಕಾಕೂ?" ಎಂದೆ. ನಗಲು ನೋಡಿದೆ, ಆಗಲಿಲ್ಲ.

"ಅಳಿಸ್ ಅದನ್ನ. ಸಾಯೂತನಕ ಅವರಿಗೇ ಬರಲಿಲ್ಲ ಆ ಕೂಗು, ನಿನಗ್ಹೆಂಗ ಬಂತೋ?"